ಹೆಂಗಸರ ಕಡೆಯಿಂದ ಒಂದು ಅಭಿಪ್ರಾಯ

ಹೂವಿನಹಡಗಲಿ
೧೮-೧-೧೯೭೮, ಬುಧವಾರ

ಕೊಟ್ಟೂರಿನಲ್ಲಿ ಡೇರೆ ಹಾಕಿರುವ ಟೂರಿಂಗ್ ಟಾಕೀಸಿನ ಮೈಕಿನವರಿಗೆ,

ಹೆಂಗಸರ ಕಡೆ ಮರಳಿನ ಮೇಲೆ ಕುಳಿತು ನಿಮ್ಮ ಸಿನಿಮಾ ನೋಡಿದ ಒಬ್ಬಳ ನಮಸ್ಕಾರಗಳು.

ಆಟ ಮುಗಿದ ಮೇಲೆ ನೀವು ಮೈಕಿನಲ್ಲಿ, "ಚಿತ್ರ ಹೆಂಗನ್ನಿಸ್ತು ಅಂತ ಒಂದು ಕಾರ್ಡ್ ಬರೀರಿ, ಹೆಣ್ಮಕ್ಕಳೂ ಬರೀರಿ" ಎಂದು ಕೇಳಿಕೊಂಡಿರಿ. ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯ ಕಾರ್ಡಿನಲ್ಲಿ ಹಿಡಿಯುವುದಿಲ್ಲ, ಆದ್ದರಿಂದ ಅಕ್ಕನ ಮಗಳ ನೋಟ್‌ಬುಕ್ಕಿನಿಂದ ಹಾಳೆ ಹರಿದುಕೊಂಡಿದ್ದೇನೆ. ಅಕ್ಷರ ನೋಡಿದ ಕೂಡಲೇ ನಾನು ಯಾರೆಂದು ನಿಮಗೆ ತಿಳಿದಿರುತ್ತದೆ. ಕೂಡ್ಲಿಗಿಯ ಮನೆಯಲ್ಲಿ ಏಳು ವರ್ಷ ನಿಮ್ಮ ಜೊತೆ ಬಾಳಿದವಳು, ಹದಿನಾಲ್ಕು ತಿಂಗಳಿಂದ ಹಡಗಲಿಯಲ್ಲಿ ಗಾದೆಮ್ಮಕ್ಕನ ಮನೆಯಲ್ಲಿ ಕೂತು ಮಲ್ಲಿಗೆ ಕಟ್ಟುತ್ತಿರುವವಳು. ಗಂಡನಿಗೆ ಹೆಂಡತಿ ಬರೆಯುವ ಹಾಗೆ ಬರೆಯಲು ಹೊರಟರೆ ಮೊದಲ ಸಾಲಿಗೇ ಕೈ ನಿಲ್ಲುತ್ತದೆ. ಪ್ರೇಕ್ಷಕಿ ಎಂದುಕೊಂಡರೆ ಮಾತು ಸಲೀಸಾಗಿ ಬರುತ್ತಿದೆ. ಬರಲಿ ಬಿಡಿ.

ಬರುವ ಸೋಮವಾರ ಅಕ್ಕನ ಮನೆಯಂಗಳದಲ್ಲಿ ನಮ್ಮ ದೈವದ ಹಿರಿಯರು ಪಂಚಾಯಿತಿಗೆ ಕೂಡುತ್ತಾರೆ. ಭಾವ ಮಂಜಣ್ಣ ನಿಮಗೂ ಹೇಳಿ ಕಳಿಸಿದ್ದರಲ್ಲ. ಅದಕ್ಕೆ ನೀವು, "ಆಕಿ ಹೆಂಗಂತಾಳೋ ಹಂಗ" ಎಂದು ಒಂದೇ ಮಾತು ಹೇಳಿ ಕಳಿಸಿದಿರಂತೆ. ಹಾಗಾಗಿ ನಿಮ್ಮಿಂದ ಬಿಡುಗಡೆ ಬೇಕೋ ಬೇಡವೋ ಎಂಬುದು ಈಗ ನನ್ನ ನಾಲಿಗೆಯ ಮೇಲೆ ನಿಂತಿದೆ. ನಾನು ಹೂಂ ಎಂದರೆ, ಅರಸೀಕೆರೆಯಲ್ಲಿ ಹೆಂಡತಿ ತೀರಿಕೊಂಡವರೊಬ್ಬರಿದ್ದಾರೆ, ಅವರಿಗೆ ನನ್ನನ್ನು ಉಡಿಕಿ ಮಾಡಿ ಎರಡನೇ ಸಂಸಾರಕ್ಕೆ ಕಳಿಸುವುದೆಂದು ಭಾವನ ವಿಚಾರ. ಒಳ್ಳೆಯವರಂತೆ. ಬಹಳ ಮಾತಾಡುತ್ತಾರಂತೆ. ಆ ಮಾತು ಕೇಳಿಯೇ ನಾನು ಅರ್ಧ ಒಪ್ಪಿದ್ದೆ ಎಂದರೆ ನಿಮಗೆ ಬೇಸರವಾಗಬಹುದು. ಆಗಲಿ.

ಇನ್ನು ಸಿನಿಮಾದ ವಿಷಯ. ನಾನು ಅದನ್ನು ನೋಡಿದ್ದು ಒಂದೇ ಸಲ, ಅದೂ ಪಕ್ಕದ ಮನೆಯ ದುರುಗಮ್ಮನ ಬಲವಂತಕ್ಕೆ.

ದುರುಗಮ್ಮನ ಮಗಳನ್ನು ಕೊಟ್ಟೂರಿಗೆ ಕೊಟ್ಟಿದೆ. ಮಗಳಿಗೆ ಚಳಿಜ್ವರ ಎಂದು ಕಾಗದ ಬಂದಿತ್ತು, ನೋಡಿಕೊಂಡು ಬರೋಣ ಬಾ ಎಂದು ನನ್ನನ್ನೂ ಹೊರಡಿಸಿದಳು. ನಿಮ್ಮ ಟೆಂಟು ಇನ್ನೂ ಕೂಡ್ಲಿಗಿಯಲ್ಲೇ ಇದೆ ಎಂದು ನಾನು ತಿಳಿದಿದ್ದೆ. ಕೊಟ್ಟೂರಿಗೆ ಬಂದಿದೆ ಎಂದು ಗೊತ್ತಿದ್ದರೆ ಆ ದಿಕ್ಕಿಗೆ ತಲೆ ಹಾಕಿ ಮಲಗುತ್ತಲೂ ಇರಲಿಲ್ಲ. ಮಗಳಿಗೆ ಅಷ್ಟು ಹೊತ್ತಿಗಾಗಲೇ ಜ್ವರ ಬಿಟ್ಟಿತ್ತು. ಸಂಜೆ ಮೂವರೂ ಹಿತ್ತಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಾಗ ರೈಲ್ವೆ ಸ್ಟೇಷನ್ನಿನ ಕಡೆಯಿಂದ ಲೌಡ್‌ಸ್ಪೀಕರಿನ ಹಾಡು ನಿಂತು ಒಂದು ದನಿ ಬಂತು. "ಭಕ್ತಿಪ್ರಧಾನ ಪೌರಾಣಿಕ ಚಿತ್ರ, ಇಂದೇ ನೋಡಿರಿ, ಮನಿಮಂದಿಯೆಲ್ಲ ಬರ್ರಿ." ನನ್ನ ಕೈಯಲ್ಲಿದ್ದ ಕಾಯಿ ಹಾಗೇ ಉಳಿಯಿತು. ಹದಿನಾಲ್ಕು ತಿಂಗಳು ಕೇಳದಿದ್ದ ದನಿ, ಊರಿನ ಮನೆಗಳ ಮೇಲಿಂದ ತೇಲಿಕೊಂಡು ನನ್ನ ತನಕ ಬಂದಿತ್ತು. ದುರುಗಮ್ಮನಿಗೆ ಭಕ್ತಿಯ ಚಿತ್ರ ಎಂದ ಮೇಲೆ ಕೇಳಬೇಕೆ? "ನಡೀ ಉಚ್ಚಂಗಿ, ಪುಣ್ಯಾನಾದ್ರೂ ಬರತೈತಿ" ಎಂದು ಎಬ್ಬಿಸಿಯೇ ಬಿಟ್ಟಳು. ತಲೆನೋವೆಂದು ಹೇಳಬಹುದಾಗಿತ್ತು. ಹೇಳಲಿಲ್ಲ. ಸೆರಗು ಮುಂದಕ್ಕೆ ಎಳೆದುಕೊಂಡು ಹೋದೆ.

ಅವತ್ತು ರೈಲಿನಲ್ಲಿ ಬೇರೆ ಚಿತ್ರದ ಡಬ್ಬಿ ಬಂದು ಇಳಿದದ್ದು ನಿಮಗೂ ಗೊತ್ತಿರಲಿಲ್ಲವಂತೆ. ಪರದೆ ಪೂರ್ತಿ ಬಿಳಿ. ರೀಲು ಇನ್ನೂ ಬಿಟ್ಟಿಲ್ಲ ಎಂದುಕೊಂಡೆವು. ಆಮೇಲೆ ಆ ಬಿಳಿಯಲ್ಲಿ ಒಂದು ಕಪ್ಪು ಚುಕ್ಕೆ ಮೂಡಿತು. ನಡೆಯುತ್ತಾ ನಡೆಯುತ್ತಾ ಅದು ಹೆಂಗಸಾಯಿತು. ನನ್ನ ಮುಂದೆ ಕೂತಿದ್ದ ಮುದುಕಿ ಎರಡೂ ಕೈ ಮುಗಿದು, "ಕೈಲಾಸ ಕಣವ್ವ, ಕೈಲಾಸ" ಎಂದಳು. ಸುತ್ತ ಇದ್ದವರೆಲ್ಲ ಕೈ ಮುಗಿದರು, ನಾನೂ ಮುಗಿದೆ. ಹೆಂಗಸು ಹತ್ತಿರ ಬಂದಾಗ ನೋಡಿದರೆ ಮೊಣಕಾಲ ತನಕ ಕೋಟು, ಕೈಯಲ್ಲಿ ಚರ್ಮದ ಪೆಟ್ಟಿಗೆ. "ಅಯ್ಯಯ್ಯ, ಪಾರ್ವತಮ್ಮಗ ಕೋಟು ಹಾಕ್ಯಾರಲ್ಲೇ!" ಎಂದು ಮುದುಕಿ ಕೂಗಿದ್ದೇ ತಡ, ಗಂಡಸರ ಕಡೆಯಿಂದ ಸೀಟಿಯೋ ಸೀಟಿ. ಯಾರೋ ಡೇರೆಯ ಹಗ್ಗ ಜಗ್ಗಿದರು. ಆಗ ಟಾಕೀಸಿನ ಸಾಹುಕಾರ ಮರುಳಪ್ಪನವರು ಹಿಂದಿನಿಂದ ಒದರಿದರು. "ಲೇ ಜಂಬಯ್ಯಾ, ಮೈಕ್ ಹಿಡಿಯೋ! ಏನಾರ ಹೇಳೋ! ಜನ ಏಳಬಾರದು!"

ನಿಮ್ಮ ಹೆಸರು ಕೇಳಿದ ದುರುಗಮ್ಮ ನನ್ನ ಮುಖ ನೋಡಿದಳು. "ಇವನೇನ?" ಎಂದು ಮೆಲ್ಲಗೆ ಕೇಳಿದಳು. ನಾನು ತಲೆ ಆಡಿಸಿದೆ. ಅವಳು ನನ್ನ ಕೈ ಹಿಡಿದವಳು ಕೊನೆಯ ತನಕ ಬಿಡಲಿಲ್ಲ.

ನೀವು ಮೈಕಿನಲ್ಲಿ ಕೆಮ್ಮಿದಿರಿ. ಆಮೇಲೆ ಹೇಳಿದಿರಿ. "ಇದು ಕೈಲಾಸ ಅಲ್ರಿ. ದೂರದ ದೇಶ. ಬಿಳಿ ಬಿದ್ದೈತಲ್ಲ, ಅದು ಹಿಮ. ಈ ದೊರೆಸಾನಿ ಮದಿವಿ ಆಗಿ ಈ ಮನಿಗೆ ಬಂದಾಳ. ಮನಿ ದೊಡ್ಡದೈತಿ. ಆದ್ರ ಈ ಮನ್ಯಾಗ ಯಾರೂ ಮಾತಾಡಂಗಿಲ್ಲ."

ಸೀಟಿ ನಿಂತಿತು. ಹಗ್ಗ ಜಗ್ಗಿದವರೂ ಬಂದು ಕೂತರು.

ಎಂಥ ನಿಧಾನದ ಸಿನಿಮಾ ಅದು! ಒಂದು ಹಾಡಿಲ್ಲ, ಒಂದು ಹೊಡೆದಾಟವಿಲ್ಲ. ಕಿಟಕಿಯ ಪರದೆ ಅಲ್ಲಾಡುತ್ತದೆ, ಅದನ್ನೇ ನೋಡುತ್ತ ಕೂಡಬೇಕು. ಅವಳು ಮೆಟ್ಟಿಲು ಹತ್ತುತ್ತಾಳೆ, ಮತ್ತೆ ಇಳಿಯುತ್ತಾಳೆ. ದೀಪ ಹಿಡಿದು ಒಂದು ಖೋಲಿಯಿಂದ ಇನ್ನೊಂದಕ್ಕೆ ಹೋಗುತ್ತಾಳೆ. ಹೊರಗೆ ಹಿಮ ಸುರಿಯುತ್ತಲೇ ಇರುತ್ತದೆ, ಸಪ್ಪಳವಿಲ್ಲದೆ. ನನಗೆ ನಿದ್ದೆಯಲ್ಲಿ ನಡೆದಂತಾಗುತ್ತಿತ್ತು. ಅವಳು ಒಲೆಯ ಮೇಲೆ ಕೆಟಲಿ ಇಟ್ಟು ಎದುರಿಗೆ ಕೂತಾಗ ಗಂಡಸರ ಕಡೆ ಯಾರೋ ಆಕಳಿಸಿದರು. ನೀವು ಮೆಲ್ಲಗೆ ಹೇಳಿದಿರಿ, "ನೀರು ಕುದ್ದು ಎಷ್ಟೊತ್ತಾತು ನೋಡ್ರಿ. ಆಕಿ ಇಳಿಸಂಗಿಲ್ಲ. ಇಳಿಸಿದ್ರ ಮನ್ಯಾಗ ಆ ಸಪ್ಪಳಾನೂ ಇರಂಗಿಲ್ಲ."

ರೀ, ಕೂಡ್ಲಿಗಿಯ ಮನೆಯಲ್ಲಿ ನಾನು ಹಾಗೆ ಮಾಡುತ್ತಿದ್ದೆ. ನೀವು ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದಿರಿ. ನೋಡಿದ್ದಿರೇನು? ನೋಡಿಯೂ ಸುಮ್ಮನಿದ್ದಿರೇನು?

ಮಹಡಿಯ ಮೇಲಿನ ಮುಚ್ಚಿದ ಖೋಲಿಯ ವಿಷಯ ಬರೆಯಬೇಕು. ದೊರೆಸಾನಿ ದಿನಾ ಅದರ ಬಾಗಿಲಿಗೆ ಹೋಗಿ ನಿಲ್ಲುತ್ತಾಳೆ. ಒಳಗೆ ಏನಿದೆ ಎಂದು ಚಿತ್ರದವರು ತೋರಿಸುವುದೇ ಇಲ್ಲ. ನೀವು ಹೇಳಿದಿರಿ, "ಒಳಗ ತೊಟ್ಲ ಐತಿ. ನಮಗ ಕಾಣಂಗಿಲ್ಲ, ಆಕಿಗೆ ಕಾಣತೈತಿ. ಒಂದು ಕೂಸಿತ್ತು. ಒಂಬತ್ತು ದಿನ ಇತ್ತು. ಹೆಣ್ಣು." ಸುತ್ತ ಇದ್ದ ಹೆಂಗಸರೆಲ್ಲ ಲೊಚಗುಟ್ಟಿದರು. ನಾನು ದುರುಗಮ್ಮನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದೆನೆಂದರೆ ಅವಳ ಬಳೆ ಒಡೆಯಿತು. ಆಮೇಲೆ ನೀವು, "ಹೆಸರು ಹಂಪಮ್ಮ" ಎಂದಿರಿ.

ಗಂಡಸರು ಹೊಟ್ಟೆ ಬಿರಿಯುವಂತೆ ನಕ್ಕರು. ಇಂಗ್ಲಿಷ್ ಕೂಸಿಗೆ ಹಂಪಮ್ಮ ಅಂತ ಹೆಸರೇನೋ ಮಾರಾಯ ಎಂದು ಕೂಗಿದರು. ನೀವು ನಗಲಿಲ್ಲ, ಬದಲಿಸಲೂ ಇಲ್ಲ. "ಹೌದ್ರಿ, ಹಂಪಮ್ಮ" ಎಂದು ಇನ್ನೊಮ್ಮೆ ಹೇಳಿದಿರಿ. ನಾನು ನೋಡದ ನನ್ನ ಅತ್ತೆಯ ಹೆಸರು ಹಂಪಮ್ಮ ಎಂಬುದು ಆ ಡೇರೆಯಲ್ಲಿ ಗೊತ್ತಿದ್ದದ್ದು ನಮ್ಮಿಬ್ಬರಿಗೇ. ನಮ್ಮ ಕೂಸಿಗೆ ನಿಮ್ಮ ತಾಯಿಯ ಹೆಸರು ಇಡಬೇಕೆಂದು ನಿಮ್ಮ ಮನಸ್ಸಿನಲ್ಲಿತ್ತು. ಅದು ಹೋಗಿ ಒಂದೂವರೆ ವರ್ಷವಾದ ಮೇಲೆ, ಮರಳಿನ ಮೇಲೆ ಕೂತು, ಶೇಂಗಾ ಸಿಪ್ಪೆಯ ನಡುವೆ, ನಾನು ಅದನ್ನು ಕೇಳಿ ತಿಳಿಯಬೇಕಾಯಿತು.

ಅದೇ ಆಟದಲ್ಲಿ ರೀಲು ಅದಲುಬದಲಾದದ್ದು ನಿಮ್ಮ ಪುಣ್ಯವೋ ನನ್ನ ಪುಣ್ಯವೋ. ದೊರೆಸಾನಿಯ ಗಂಡ ಹಿಮಗಟ್ಟಿದ ಕೆರೆಯಲ್ಲಿ ಕಾಲು ಜಾರಿ ಮುಳುಗಿದ. ಹೆಂಗಸರು ಪಾಪ ಎಂದರು. ರೀಲು ಬದಲಿಸಿ ದೀಪ ಆರಿಸಿದರೆ ಅದೇ ಗಂಡ ಮೇಜಿನ ಮುಂದೆ ಕೂತು ಚಹಾ ಕುಡಿಯುತ್ತಿದ್ದಾನೆ! ಎರಡು ನಿಮಿಷ ಯಾರಿಗೂ ಏನೂ ತಿಳಿಯಲಿಲ್ಲ. ಮರುಳಪ್ಪನವರು ಆಪರೇಟರನ್ನು ಬೈಯುವುದು ನಮ್ಮ ತನಕ ಕೇಳುತ್ತಿತ್ತು. ನೀವು ಮೈಕಿನಲ್ಲಿ ಹೇಳಿದ ಮಾತನ್ನು ನಾನು ಹೂ ಕಟ್ಟುವಾಗ ಈಗಲೂ ಬಾಯಲ್ಲಿ ಅನ್ನುತ್ತಿರುತ್ತೇನೆ. "ಗಾಬರಿ ಆಗಬ್ಯಾಡ್ರಿ. ಅವ ಸತ್ತೂ ಇಲ್ಲ, ಬದುಕೂ ಇಲ್ಲ. ಮನ್ಯಾಗ ಅದಾನ, ಚಾ ಕುಡೀತಾನ, ಉಣ್ತಾನ. ಆದ್ರ ಆಕಿ ಪಾಲಿಗೆ ಅವ ಎಂದೋ ಮುಳುಗ್ಯಾನ."

ಜನಕ್ಕೆ ಇದು ಎಷ್ಟು ಹಿಡಿಸಿತೆಂದರೆ ಮರುದಿನವೂ ರೀಲು ಹಾಗೇ ತಿರುವುಮುರುವು ಬಿಡಿ ಎಂದು ಸಾಹುಕಾರರೇ ಹೇಳಿದರಂತೆ. ಕೂಡ್ಲಿಗಿಯಿಂದ, ಹರಪನಹಳ್ಳಿಯಿಂದ ಗಾಡಿ ಕಟ್ಟಿಕೊಂಡು ಬಂದರಂತೆ. ಭಕ್ತಿಯ ಚಿತ್ರದ ಡಬ್ಬಿ ಬಂದರೂ ಅದನ್ನು ಮೂಲೆಗಿಟ್ಟು ಇದನ್ನೇ ಓಡಿಸಿದರಂತೆ.

ಅಭಿಪ್ರಾಯ ಕೇಳಿದಿರಲ್ಲ, ದುರುಗಮ್ಮನದು ಮೊದಲು ಬರೆಯುತ್ತೇನೆ. ಅವಳು ಬಸ್ಸಿನಲ್ಲಿ ಹಗರಿಬೊಮ್ಮನಹಳ್ಳಿ ಬರುವ ತನಕ ಬೈದಳು. ಪರದಿ ಅಲ್ಲಾಡೋದು ನೋಡಾಕ ನಮ್ಮ ಮನ್ಯಾಗ ಪರದಿ ಇಲ್ಲೇನ ಎಂದಳು. ಆ ದೊರೆಸಾನಿಗೆ ಒಂದು ಆಕಳು ಕೊಡಿಸಿದ್ದರೆ ಹಿಂಗೆ ಮೆಟ್ಟಿಲು ಹತ್ತಿ ಇಳಿದು ಮಾಡುತ್ತಿರಲಿಲ್ಲ, ಸೆಗಣಿ ಬಾಚುವುದರಲ್ಲೇ ಹೊತ್ತು ಹೋಗುತ್ತಿತ್ತು ಎಂದಳು. ಹಗರಿಬೊಮ್ಮನಹಳ್ಳಿಯಲ್ಲಿ ಬಸ್ಸು ಬದಲಿಸಿ ಕೂತ ಮೇಲೆ ಎಲೆಅಡಿಕೆ ಹಾಕಿಕೊಂಡಳು. ಆಮೇಲೆ, "ಅವ ಕೆಟ್ಟವ ಅಲ್ಲ ಬಿಡು" ಎಂದಳು. ದೊರೆಸಾನಿಯ ಗಂಡನನ್ನೋ ಇನ್ನೊಬ್ಬರನ್ನೋ ಎಂದು ನಾನು ಕೇಳಲಿಲ್ಲ.

ಕೈಲಾಸವೆಂದು ಕೈ ಮುಗಿದ ಮುದುಕಿಗೆ ಕೊನೆಯ ತನಕ ಒಂದೇ ಚಿಂತೆ. ಅಷ್ಟು ಹಿಮದಲ್ಲಿ ಆ ಜನ ಜೋಳ ಎಲ್ಲಿ ಬಿತ್ತುತ್ತಾರೆ ಎಂದು. ಗಂಡಸರೆಲ್ಲ ಅಂಚೆ ತರುವವನ ಮೇಲೆ ಅನುಮಾನಪಟ್ಟರು. ಅವನು ಇಡೀ ಚಿತ್ರದಲ್ಲಿ ಎರಡೇ ಸಲ ಬಂದು ಹೋಗುತ್ತಾನೆ, ಆದರೂ ಎಲ್ಲ ಅವನದೇ ಕೆಲಸ ಎಂದು ಹೊರಗೆ ಚಹಾದ ಅಂಗಡಿಯ ಮುಂದೆ ಜಗಳವೇ ನಡೆದಿತ್ತು. ನಾನು ನಕ್ಕುಬಿಟ್ಟೆ. ನಕ್ಕು ಎಷ್ಟು ದಿನವಾಗಿತ್ತೋ.

ಒಂದೇ ಸಲ ನೋಡಿದೆ ಎಂದು ಮೇಲೆ ಬರೆದದ್ದು ಸುಳ್ಳು. ಎರಡು ಸಲ.

ಹಡಗಲಿಗೆ ಬಂದ ಮೇಲೆ ನನಗೆ ನಿದ್ದೆ ಸರಿಯಾಗಿ ಹತ್ತಲಿಲ್ಲ. ಬೆಳಿಗ್ಗೆ ಹೂಬುಟ್ಟಿ ಮುಂದೆ ಇಟ್ಟುಕೊಂಡರೆ ಮೊಗ್ಗೆಲ್ಲ ಹಿಮದ ಹಾಗೆ ಕಾಣುವುದು. ಅಕ್ಕ ಏನೋ ಕೇಳಿದರೆ ಇನ್ನೇನೋ ಹೇಳುತ್ತಿದ್ದೆ. ಹಗಲಲ್ಲೇ ಆ ಬಿಳಿ ಬಯಲಿನಲ್ಲಿ ಪೆಟ್ಟಿಗೆ ಹಿಡಿದು ನಡೆಯುತ್ತಿದ್ದವಳ ಹಾಗೆ ಇದ್ದೆ. ದೂರದಿಂದ ನಿಮ್ಮ ದನಿ ಬರುತ್ತಿತ್ತು. ನನ್ನ ಒಳಗನ್ನು ನೀವು ಹೇಗೆ ಬಲ್ಲಿರಿ? ಬಲ್ಲವರು ಯಾಕೆ ಒಮ್ಮೆಯೂ ಹೇಳಲಿಲ್ಲ? ಇಲ್ಲಾ ಆ ಇಂಗ್ಲಿಷ್ ಚಿತ್ರದಲ್ಲೇ ಹಾಗಿದೆಯೋ, ನಾನೇ ಹುಚ್ಚಿಯ ಹಾಗೆ ನನ್ನ ಮೈಮೇಲೆ ಎಳೆದುಕೊಳ್ಳುತ್ತಿದ್ದೇನೋ?

ಅದು ತಿಳಿಯಲೇಬೇಕಿತ್ತು. ಇಲ್ಲಿ ಆಸ್ಪತ್ರೆಯಲ್ಲಿ ತಿಪ್ಪೇರುದ್ರಮ್ಮ ಎಂಬ ನರ್ಸಮ್ಮ ಇದ್ದಾರೆ. ದಿನಾ ನನ್ನ ಹತ್ತಿರವೇ ಹೂವು ಒಯ್ಯುತ್ತಾರೆ. ಇಂಗ್ಲಿಷ್ ಬಲ್ಲವರು. ನಿಮ್ಮ ನಂಟು ಅವರಿಗೆ ಗೊತ್ತಿಲ್ಲ. ಕೊಟ್ಟೂರಿನಲ್ಲಿ ಭಾರಿ ಚಿತ್ರ ಬಂದಿದೆ, ಭಾನುವಾರ ಹೋಗೋಣ ಬನ್ನಿ ಎಂದು ನಾನೇ ಅವರನ್ನು ಹೊರಡಿಸಿದೆ. ನೀವು ಉಸಿರೆಳೆದುಕೊಳ್ಳುವ ಸಂದಿನಲ್ಲಿ ಪರದೆಯವರ ಇಂಗ್ಲಿಷು ಕೇಳುತ್ತದಲ್ಲ, ಅದನ್ನೆಲ್ಲ ಅವರು ಕಿವಿಗೊಟ್ಟು ಕೇಳಿದರು. ಕೂಸಿನ ಮಾತು ಬಂದಾಗ ಹುಬ್ಬು ಗಂಟು ಹಾಕಿದರು. ಆಟ ಮುಗಿದ ಮೇಲೆ ನನಗೆ ಹೇಳಿದರು. "ಈ ಮೈಕಿನವ ಬಾಯಿಗೆ ಬಂದದ್ದು ಹೇಳ್ತಾನ ಕಣವ್ವ. ಆ ಖೋಲ್ಯಾಗ ಕೂಸೂ ಇಲ್ಲ, ತೊಟ್ಲಾನೂ ಇಲ್ಲ. ಆಕಿ ಗಂಡನ ಮೊದಲನೇ ಹೆಂಡ್ತಿ ಸಾಮಾನು ಅದಾವ. ಈಕಿಗೆ ಹುಚ್ಚು ಹಿಡಿಸಿ ಆಸ್ತಿ ಹೊಡಿಬೇಕಂತ ಗಂಡ ಸಂಚು ಮಾಡ್ಯಾನ. ಕಡೀಗೆ ಈಕಿ ಪೆಟ್ಟಿಗಿ ಹಿಡಕೊಂಡು ಪೊಲೀಸರ ಹತ್ರ ಹೊಂಟಾಳ. ಅಷ್ಟ ಕಥಿ."

ನಾನು ಕೂಸು ಇಲ್ಲವೇ ಇಲ್ಲವೇ ಎಂದು ಎರಡು ಸಲ ಕೇಳಿದೆ. ಇಲ್ಲ ಎಂದರು. ಸ್ವಲ್ಪ ದೂರ ನಡೆದ ಮೇಲೆ ಕನ್ನಡಕ ತೆಗೆದು ಒರೆಸಿಕೊಂಡು, "ಆದ್ರ ನನಗ ಕಣ್ಣಾಗ ನೀರು ಬಂದದ್ದು ಅವ ಹೇಳಿದ್ದಕ್ಕ, ಇಂಗ್ಲಿಷಿಗಲ್ಲ" ಎಂದರು.

ಅವರಿಗೆ ಅದು ಸುಳ್ಳು ಕಥೆ. ನನಗೆ ಮಾತ್ರ ಅಲ್ಲಿ ನಿಂತಲ್ಲೇ ಗೊತ್ತಾಯಿತು, ಆ ಡೇರೆಯಲ್ಲಿ ಸಿನಿಮಾ ಒಂದು ನೆಪ, ನೀವು ದಿನಾ ಹೇಳುತ್ತಿರುವುದು ನಮ್ಮ ಮನೆಯ ಕಥೆ ಎಂದು. ಮೊದಲು ಅಳು ಬಂತು. ಆಮೇಲೆ ಬಂದದ್ದು ಸಿಟ್ಟು, ಎಂಥ ಸಿಟ್ಟು ಅಂತೀರಿ! ನಿಮ್ಮ ಮೈಕನ್ನು ಕಿತ್ತು ಕೊಟ್ಟೂರಿನ ಕೆರೆಗೆ ಎಸೆಯಬೇಕೆನ್ನಿಸಿತು.

ಯಾಕೆಂದು ಹೇಳಲೇ? ಕೂಸನ್ನು ಮಣ್ಣು ಮಾಡಿದ ದಿನ ನೀವು ಮನೆಗೆ ಬಂದು, ಕಾಲು ತೊಳೆದು, ಅಂಗಿ ಬದಲಿಸಿ, ನನ್ನ ಕಡೆ ನೋಡದೆ ಟೆಂಟಿಗೆ ಹೋದಿರಿ. ಸಂಜೆ ಲೌಡ್‌ಸ್ಪೀಕರು ನಮ್ಮ ಕಿಟಕಿಯಲ್ಲೇ ಒದರುತ್ತಿತ್ತು. "ಭಾರಿ ಹಾಸ್ಯದ ಚಿತ್ರ! ನಕ್ಕು ನಕ್ಕು ಹೊಟ್ಟಿ ಹಿಡಕೊಳ್ರಿ!" ಆ ಹೊತ್ತಿಗೆ ನಾನು ಹೊಟ್ಟೆ ಹಿಡಿದುಕೊಂಡೇ ಮಲಗಿದ್ದೆ. ಕುಡಿಯುವ ಬಾಯಿ ಇಲ್ಲದೆ ಹಾಲು ರವಿಕೆಯನ್ನು ನೆನೆಸುತ್ತಿತ್ತು. ನಿಮ್ಮ ದನಿ ಒಂದಿಷ್ಟಾದರೂ ನಡುಗೀತೇ ಎಂದು ಕಿವಿ ಕೊಟ್ಟು ಕೇಳಿದೆ. ನಡುಗಲಿಲ್ಲ. ಆಮೇಲಿನ ಮೂರು ತಿಂಗಳಲ್ಲಿ ನೀವು ನನ್ನೊಂದಿಗೆ ಆಡಿದ ಮಾತು, ಉಪ್ಪು ಕಡಿಮೆ, ನೀರು ಕಾದಿದೆಯಾ, ಬಾಗಿಲು ಹಾಕಿಕೋ. ಹೆಸರಿಡುವ ಮೊದಲೇ ಹೋದ ಕೂಸಿನ ಮಾತು ಎತ್ತಬಾರದೆಂದು ಹಿರಿಯರು ಹೇಳಿದ್ದು ನಿಜ. ನಾವಿಬ್ಬರೇ ಇದ್ದಾಗಲೂ ಎತ್ತಬಾರದಿತ್ತೇ? ಮನೆಯಲ್ಲಿ ಇದ್ದೂ ಇಲ್ಲದವರ ಜೊತೆ ಎಷ್ಟು ದಿನ ಇರುವುದು ಎಂದು ಪೆಟ್ಟಿಗೆ ಹಿಡಿದು ಹೊರಟೆ. ಬಸ್‌ಸ್ಟ್ಯಾಂಡಿನ ತನಕ ಬಂದು ಟಿಕೆಟ್ ತೆಗೆಸಿಕೊಟ್ಟಿರಿ. ಹೋಗಬೇಡ ಎನ್ನಲಿಲ್ಲ. ಅನ್ನುತ್ತೀರೇನೋ ಎಂದು ಬಸ್ಸು ಹೊರಡುವ ತನಕ ಕಿಟಕಿಯಲ್ಲೇ ಮುಖ ಇಟ್ಟುಕೊಂಡಿದ್ದೆ.

ಅಂಥವರು ಈಗ ನಾಲ್ಕು ನೂರು ಜನರ ಮುಂದೆ, ಬೀಡಿ ಸೇದುವವರ, ಸೀಟಿ ಹೊಡೆಯುವವರ ಮುಂದೆ, ನನ್ನ ಕೂಸಿನ ಹೆಸರು ಹೇಳುತ್ತೀರಿ. ನನಗೆ ಹೇಳಬೇಕಾದ್ದನ್ನು ಕೊಟ್ಟೂರಿಗೆಲ್ಲ ಹೇಳುತ್ತೀರಿ. ನನಗೆ ಹೊಟ್ಟೆಕಿಚ್ಚಾಯಿತು ಎಂದು ಬರೆದರೆ ನಗಬೇಡಿ. ಆ ಜನರ ಮೇಲೆ ಹೊಟ್ಟೆಕಿಚ್ಚಾಯಿತು.

ಎರಡು ಸಲ ಎಂದದ್ದೂ ಪೂರ್ತಿ ಸರಿಯಲ್ಲ. ಸಂಕ್ರಾಂತಿಯ ಮರುದಿನ ಕೊಟ್ಟೂರು ಬಸವೇಶ್ವರನಿಗೆ ಹೂವು ಏರಿಸಿ ಬರುತ್ತೇನೆಂದು ಅಕ್ಕನಿಗೆ ಹೇಳಿ ಒಬ್ಬಳೇ ಬಂದೆ. ಹೂವು ಏರಿಸಿದ್ದೂ ನಿಜ. ದುರುಗಮ್ಮನ ಮಗಳ ಮನೆಯಲ್ಲಿ ಇಳಿದುಕೊಂಡು ಸಂಜೆ ಮೊದಲ ಆಟಕ್ಕೆ ಹೋದೆ. ನನಗೆ ನೋಡಬೇಕಾಗಿದ್ದದ್ದು ಕೊನೆಯನ್ನು.

ಏಕೆಂದರೆ ಕೊನೆಯನ್ನು ನೀವು ಒಂದೊಂದು ದಿನ ಒಂದೊಂದು ಥರ ಹೇಳುತ್ತಿದ್ದಿರಿ. ದೊರೆಸಾನಿ ಮನೆಯಿಂದ ಹೊರಬಿದ್ದು, ಹಿಮದ ರಸ್ತೆಯಲ್ಲಿ ಪೆಟ್ಟಿಗೆ ಕೆಳಗಿಟ್ಟು ನಿಲ್ಲುತ್ತಾಳೆ. ಅಲ್ಲಿಗೆ ಚಿತ್ರ ಮುಗಿಯುತ್ತದೆ. ಮೊದಲ ದಿನ ನೀವು, "ಹ್ವಾದ್ಲು. ಅಷ್ಟ" ಎಂದಿರಿ. ನರ್ಸಮ್ಮನ ಜೊತೆ ಬಂದ ದಿನ, "ಬಸ್ಸಿಗೆ ನಿಂತಾಳ. ಯಾವ ಊರಿನ ಬಸ್ಸು ಅಂತ ನನಗೂ ಕಾಣವಲ್ದು" ಎಂದಿರಿ. ಈ ಸಲ ಅವಳು ನಿಂತಳು, ಹಿಮ ಸುರಿಯಿತು, ನೀವು ಏನೂ ಹೇಳಲಿಲ್ಲ. ಮೈಕಿನಲ್ಲಿ ನಿಮ್ಮ ಉಸಿರಷ್ಟೇ ಕೇಳುತ್ತಿತ್ತು. ಅವಳ ಕೋಟಿನ ಮೇಲೆ, ಕೂದಲ ಮೇಲೆ ಬಿಳಿ ಕೂಡುತ್ತಾ ಹೋಯಿತು. ಜನ ಕೂಗಿದರು, ಮುಂದೇನಾತು ಹೇಳ್ರಿ ಎಂದು. ನೀವು ಹೇಳಿದಿರಿ, "ನನಗ ಗೊತ್ತಿಲ್ರಿ. ಅದನ್ನ ಆಕೀನ ಹೇಳಬೇಕು." ನಿಮ್ಮ ದನಿ ನಡುಗಿತು. ನಾನು ಕೇಳಿದೆ.

ಅಲ್ಲೇ ಎದ್ದು ಬರಬೇಕೆನ್ನಿಸಿತು, ಮೈಕಿನ ಹತ್ತಿರ. ಆದರೆ ಬೆಳಕು ಹಾಕಿಬಿಟ್ಟರು. ನೀವು ಸ್ಟೂಲಿನ ಮೇಲೆ ಕೂತು ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದಿರಿ. ಬಹಳ ಬಡವಾಗಿದ್ದೀರಿ. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿದೆ. ಅಷ್ಟು ಜನರ ಮುಂದೆ ನಮ್ಮ ಮಾತು ಆಗುವುದು ನನಗೆ ಬೇಡವಾಯಿತು. ಸೆರಗು ಎಳೆದುಕೊಂಡು ಹೆಂಗಸರ ಗುಂಪಿನಲ್ಲಿ ಹೊರಬಿದ್ದೆ.

ಈಗ ನನ್ನ ಅಭಿಪ್ರಾಯ. ಚಿತ್ರ ಚೆನ್ನಾಗಿದೆ. ಸ್ವಲ್ಪ ಉದ್ದವಾಯಿತು. ದೊರೆಸಾನಿ ಮುಂದೆ ಏನು ಮಾಡುತ್ತಾಳೆ ಎಂದು ಕೇಳಿದಿರಲ್ಲ, ಹೇಳುತ್ತೇನೆ. ಅವಳಾಗಿ ಆ ಮನೆಗೆ ತಿರುಗಿ ಹೋಗುವುದಿಲ್ಲ. ಹಾಗೆಂದು ಬಸ್ಸನ್ನೂ ಹತ್ತಿಲ್ಲ, ಇನ್ನೂ ರಸ್ತೆಯಲ್ಲೇ ಇದ್ದಾಳೆ. ಅವಳಿಗೆ ಬಹಳ ಚಳಿಯಾಗುತ್ತಿದೆ. ಮನೆಯೊಳಗೆ ಚಹಾ ಕುಡಿಯುತ್ತಿರುವವನು ಬಾಗಿಲು ತೆಗೆದು ರಸ್ತೆಗೆ ಬರಬೇಕು. ಬಂದು ಬಾಯಿ ತೆರೆಯಬೇಕು.

ಭಾನುವಾರ ಹಡಗಲಿಗೆ ಬನ್ನಿ. ಭಾವ ತೋಟಕ್ಕೆ ಹೋಗಿರುತ್ತಾರೆ, ಅಕ್ಕನಿಗೆ ನಾನು ಹೇಳಿಟ್ಟಿರುತ್ತೇನೆ. ಕ್ಷಮೆ ಕೇಳಬೇಕಾಗಿಲ್ಲ, ಸೀರೆ ತರಬೇಕಾಗಿಲ್ಲ. ನನ್ನೆದುರು ಕೂತು, ಮೈಕಿಲ್ಲದೆ, ನನಗೊಬ್ಬಳಿಗೇ ಕೇಳುವಷ್ಟು ದನಿಯಲ್ಲಿ ನಮ್ಮ ಕೂಸಿನ ಮಾತು ಆಡಬೇಕು. ಅದರ ಕೈ ಹೇಗಿತ್ತು, ಯಾರ ಮೂಗಿತ್ತು, ಮಣ್ಣು ಮಾಡುವಾಗ ನೀವು ಏನು ನೋಡಿದಿರಿ, ಅವತ್ತು ಆ ಹಾಸ್ಯದ ಚಿತ್ರವನ್ನು ಯಾವ ಎದೆಯಿಂದ ಕೂಗಿದಿರಿ, ಎಲ್ಲ ಹೇಳಬೇಕು. ಅಳು ಬಂದರೆ ಅಳಿ, ನಾನೇನೂ ಸೀಟಿ ಹೊಡೆಯುವುದಿಲ್ಲ. ಹೇಳಿದಿರೋ, ಸೋಮವಾರ ಬರುವ ಹಿರಿಯರಿಗೆ ಚಹಾ ಕೊಟ್ಟು ಹೋಗಿಬನ್ನಿ ಎನ್ನುತ್ತೇನೆ. ಬರಲಿಲ್ಲವೋ, ಬಂದೂ ಗೋಡೆ ನೋಡಿದಿರೋ, ಅರಸೀಕೆರೆಗೆ ಹೂಂ ಎನ್ನುತ್ತೇನೆ. ನನ್ನ ನಾಲಿಗೆ ತಡವರಿಸುವುದಿಲ್ಲ, ನೀವು ನನ್ನನ್ನು ಬಲ್ಲಿರಿ.

ಊಟ ಹೊತ್ತಿಗೆ ಸರಿಯಾಗಿ ಮಾಡಿ. ಗಂಟಲಿಗೆ ಬಿಸಿನೀರು ಕುಡಿಯಿರಿ, ದನಿ ಒಡೆದಿದೆ.

ಇಂತಿ,
ಹೆಂಗಸರ ಕಡೆ ಕೂತಿದ್ದ
ಉಚ್ಚಂಗೆಮ್ಮ

ತಾಜಾಕಲಮು: ಬರೆದದ್ದನ್ನೆಲ್ಲ ಒಮ್ಮೆ ಓದಿದೆ. ನೀವೊಬ್ಬರೇ ಬಾಯಿ ಮುಚ್ಚಿಕೊಂಡಿದ್ದವರೆಂಬ ಹಾಗೆ ಬರೆದಿದ್ದೇನೆ. ಹಾಗಲ್ಲ. ಆ ಒಂಬತ್ತು ದಿನವೂ ನಾನು ಕೂಸನ್ನು ಒಂದು ಹೆಸರು ಹಿಡಿದು ಕರೆಯುತ್ತಿದ್ದೆ. ತೊಟ್ಟಿಲಿಗೆ ಹಾಕುವ ಮೊದಲು ಹೆಸರು ಹಿಡಿದು ಕರೆದರೆ ಕೂಸಿಗೆ ಒಳ್ಳೆಯದಲ್ಲವೆಂದು ಬಾಣಂತನಕ್ಕೆ ಬಂದಿದ್ದ ನಿಮ್ಮ ಸೋದರತ್ತೆ ಹೇಳಿದ್ದರು. ಆದರೂ ಕರೆದೆ, ನೀವು ಒಳಗೆ ಬಂದರೆ ಸುಮ್ಮನಾಗುತ್ತಿದ್ದೆ. ಅದು ಹೋದ ಮೇಲೆ ನನ್ನಿಂದಲೇ ಹೋಯಿತೆಂದು ನಿಮ್ಮ ಮುಖ ನೋಡಲು ಹೆದರಿದೆ. ಮನೆ ಬಿಟ್ಟದ್ದು ನಿಮ್ಮ ಮೇಲಿನ ಸಿಟ್ಟಿಗಷ್ಟೇ ಅಲ್ಲ. ಆ ಹೆಸರು ಹಂಪಮ್ಮ ಅಲ್ಲ, ಬೇರೆ. ಇವತ್ತಿನ ತನಕ ಯಾರಿಗೂ ಹೇಳಿಲ್ಲ. ಭಾನುವಾರ ನೀವು ಕೇಳಬೇಕು.